ಗುಣಾ ಟೈಮ್

ಮಾರ್ಚ್ 2, ಭಾನುವಾರ, ಸಂಜೆ

ಹದಿನಾರು ಜೆರ್ಸಿ ಎರಡು ಕಂತಿನಲ್ಲಿ ಒಗೆದದ್ದಾಯಿತು. ವಾಷಿಂಗ್ ಮೆಷಿನ್‌ನ ರಬ್ಬರಿನ ಸಂದಿಯಲ್ಲಿ ಇನ್ನೂ ಅರ್ಧ ಮೈದಾನ ಕೂತಿದೆ. ಹೆಂಡತಿ ಸೇವಂತಿ ನೋಡಿದರೆ ಮಂಗಳಾರತಿ ಗ್ಯಾರಂಟಿ. ಹಳೇ ಬನಿಯನ್ನಿನಲ್ಲಿ ಒರೆಸಿಟ್ಟೆ.

ಸೋತೆವು. 3–2. ಮುಕ್ಕಾಲು ಆಟದವರೆಗೆ ಗೆಲ್ಲುತ್ತಿದ್ದೆವು. ಆಮೇಲೆ ಬೆಂಚಿನಲ್ಲಿ ಉಳಿದಿದ್ದವರನ್ನು ಇಳಿಸಿದೆ. ನಿತಿನ್ ಹೊರಗೆ, ಸಂಗನಬಸಪ್ಪ ಒಳಗೆ. ಸಂಗನಬಸಪ್ಪ ತನ್ನ ಮೊದಲ ಪಾಸನ್ನೇ ಎದುರು ಟೀಮಿನ ಸ್ಟ್ರೈಕರನ ಕಾಲಿಗೆ ಕೊಟ್ಟ — ಮನೆಗೆ ಬಂದ ನೆಂಟನಿಗೆ ಕಾಫಿ ಕೊಟ್ಟಷ್ಟು ಮರ್ಯಾದೆಯಿಂದ. ಅವನು ಗೋಲು ಹೊಡೆದ. ಸ್ವಲ್ಪ ಹೊತ್ತಿಗೆ ಇನ್ನೊಂದು.

ನಿತಿನ್ ನಮ್ಮ ಕ್ಯಾಪ್ಟನ್. ಟಿವಿ ಚಾನೆಲ್ಲುಗಳಿರುವ ಮೀಡಿಯಾಸಿಟಿಯಲ್ಲಿ ಕೆಲಸ, ಭಾನುವಾರ ಮ್ಯಾಂಚೆಸ್ಟರಿನಿಂದ ಲೀಡ್ಸಿಗೆ ಬಂದು ಆಡಿ ಹೋಗುತ್ತಾನೆ. ಒಳ್ಳೇ ಆಟಗಾರ. ಕಾರಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದ. ಸ್ಟೇಷನ್‌ನಲ್ಲಿ ಇಳಿಯುವಾಗ ‘ನೆಕ್ಸ್ಟ್ ವೀಕ್ ಅಂಕಲ್’ ಅಂದ. ಅಷ್ಟೇ.

ಕೋಪ ಇರಬಹುದು. ಇರಲಿ. ನಮ್ಮ ಕನ್ನಡಿಗರ ಫುಟ್‌ಬಾಲ್ ಟೀಮು ಕದಂಬ ರೋವರ್ಸ್ ಕಟ್ಟಿದಾಗಿನಿಂದ ನಾನೇ ಮ್ಯಾನೇಜರ್, ನಾನೇ ಡ್ರೈವರ್, ಬಟ್ಟೆ ಒಗೆಯುವವನೂ ನಾನೇ. ನನ್ನದು ಒಂದೇ ನಿಯಮ. ಬೂಟು ಕಟ್ಟಿ ಬಂದು ಕೂತವನು ಆಡದೆ ಮನೆಗೆ ಹೋಗಬಾರದು. ಮೂಲ್ಕಿಯಲ್ಲಿ ಮದುವೆ ಊಟಕ್ಕೆ ಬಡಿಸಲು ನಿಲ್ಲುತ್ತಿದ್ದ ಕಾಲದಲ್ಲಿ ಕಲಿತದ್ದು. ಎಲೆ ಹಾಕಿ ಕೂರಿಸಿದ ಮೇಲೆ ಬಡಿಸದೆ ಎಬ್ಬಿಸಬಾರದು. ಅವನು ಯಾರೇ ಆಗಿರಲಿ, ಸಾರು ಎಷ್ಟೇ ಕಡಿಮೆ ಇರಲಿ.

ಸಂಗನಬಸಪ್ಪನ ಮೇಲೆ ನನಗೆ ಸಿಟ್ಟೂ ಬರುವುದಿಲ್ಲ. ನಮಗೆಲ್ಲ ಸಂಗಣ್ಣ. ಬಾಗಲಕೋಟೆಯವನು, ನಲವತ್ತರ ಹತ್ತಿರ. ಹೆಂಡತಿ ಶೆಫೀಲ್ಡಿನಲ್ಲಿ ನರ್ಸ್, ಇವನು ಅಲ್ಲೇ ವೇರ್‌ಹೌಸಿನಲ್ಲಿ. ಶಿಫ್ಟ್ ಮುಗಿಸಿ ನೇರ ಟ್ರೇನು ಹಿಡಿದು ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬರುತ್ತಾನೆ. ಗೋಲಿಗೆ ನೆಟ್ ಕಟ್ಟುವುದು ಅವನೇ. ನೆಟ್‌ನ ಚೀಲ ಅವನ ಮನೆಯಲ್ಲೇ ಇರುತ್ತದೆ, ನನ್ನ ಗ್ಯಾರೇಜಿನಲ್ಲಿ ಇಲಿ ಕಾಟ. ಕಟ್ಟುವುದೇನೋ ಬಹಳ ಚೆನ್ನಾಗಿ ಕಟ್ಟುತ್ತಾನೆ. ಅದರೊಳಗೆ ಚೆಂಡು ಹಾಕುವುದೊಂದು ಬರುವುದಿಲ್ಲ.

ಇದನ್ನೆಲ್ಲ ಯಾರಿಗಾಗಿ ಬರೆಯುತ್ತೇನೋ. ಮಗಳು ತನ್ವಿಗೆ ಕನ್ನಡ ಓದಲು ಬಾರದು. ಸೇವಂತಿಗೆ ನನ್ನ ಅಕ್ಷರ ತಿಳಿಯದು — ಫಾರ್ಮಸಿಯಲ್ಲಿ ಡಾಕ್ಟರುಗಳ ಅಕ್ಷರ ಓದಿ ಓದಿ ನನ್ನದೂ ಹಾಗೇ ಆಗಿದೆ. ಒಳ್ಳೆಯದೇ ಆಯಿತು.

ಮಾರ್ಚ್ 5, ಬುಧವಾರ

ಪ್ರಾಕ್ಟೀಸಿಗೆ ನಿತಿನ್ ಒಬ್ಬ ಹುಡುಗಿಯನ್ನು ಕರೆತಂದಿದ್ದ. ಇಂಚರಾ. ಮೈಸೂರಿನವಳು. ಮ್ಯಾಂಚೆಸ್ಟರಿನಲ್ಲಿ ಭಾಷಾವಿಜ್ಞಾನ ಓದುತ್ತಾಳೆ, ಅಲ್ಲೇ ಫಾಲೋಫೀಲ್ಡಿನಲ್ಲಿ ರೂಮು. ಲೀಡ್ಸಿನ ಮಾರ್ಚ್ ಗಾಳಿಗೆ ಈರುಳ್ಳಿ ಸಿಪ್ಪೆಯಂಥ ಜಾಕೆಟ್ ಹಾಕಿಕೊಂಡು ಬಂದಿದ್ದಳು. ನನ್ನ ಮಫ್ಲರ್ ಕೊಟ್ಟೆ.

ಡಿಸರ್ಟೇಷನ್ನಿನ ವಿಷಯ ಕೇಳಿ ನಗು ತಡೆಯಲಾಗಲಿಲ್ಲ. ಫುಟ್‌ಬಾಲ್ ಮ್ಯಾನೇಜರುಗಳ ಹೆಸರಿನಿಂದ ಹುಟ್ಟಿದ ಪದಗಳು!

‘ಇದಕ್ಕೂ ಡಿಗ್ರಿ ಕೊಡ್ತಾರಾ ಮಾರಾಯ್ತಿ?’

‘ಕೊಡ್ತಾರೆ ಅಂಕಲ್. ಫೀಸ್ ಮಾತ್ರ ತಮಾಷೆ ಅಲ್ಲ.’

ಬಾಯಿ ಜೋರಿದೆ. ಹಿಡಿಸಿತು.

ಅವಳು ಹೇಳಿದ್ದರಲ್ಲಿ ಅರ್ಧ ನನಗೂ ಗೊತ್ತಿದ್ದವೇ. ಫರ್ಗಿ ಟೈಮ್ — ಮ್ಯಾಂಚೆಸ್ಟರ್ ಯುನೈಟೆಡ್ ಹಿಂದೆ ಬಿದ್ದಿದ್ದರೆ ಕೊನೆಗೆ ರೆಫರಿ ಒಂದೆರಡು ನಿಮಿಷ ಜಾಸ್ತಿ ಕೊಡುತ್ತಾನೆ ಎಂದು ಎದುರಿನವರು ಕೊಂಕಿಗೆ ಕಟ್ಟಿದ ಮಾತು. ಅವರ ಮ್ಯಾನೇಜರ್ ಫರ್ಗುಸನ್ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಪದಕ್ಕೆ ನಿವೃತ್ತಿ ಬಂದಿಲ್ಲ. ನಾನು ಫಾರ್ಮಸಿಯ ಶಟರ್ ಎಳೆಯುವಾಗ ಓಡಿಬರುವ ಮುದುಕನೊಬ್ಬ ಈಗಲೂ ‘ಫರ್ಗಿ ಟೈಮ್, ಗುಣಾ!’ ಎಂದೇ ಒಳಗೆ ನುಗ್ಗುವುದು. ಲಿವರ್‌ಪೂಲಿನವರಿಗೆ ಮ್ಯಾನೇಜರ್ ಕ್ಲಾಪ್ ಹೆಸರನ್ನು ಸ್ಟಾಪೇಜ್ ಟೈಮಿಗೆ ಸೇರಿಸಿ ಕ್ಲಾಪೇಜ್ ಟೈಮ್. ಮ್ಯಾಂಚೆಸ್ಟರ್ ಸಿಟಿಯ ಪೆಪ್ ಗ್ವಾರ್ಡಿಯೋಲ ನಾಳೆ ಯಾರನ್ನು ಆಡಿಸುತ್ತಾರೆ, ಯಾರನ್ನು ಕೂರಿಸುತ್ತಾರೆ ಎಂದು ದೇವರಿಗೂ ತಿಳಿಯದು, ಅದಕ್ಕೆ ಜೂಜಿನ ಚಕ್ರದ ಹೆಸರಲ್ಲಿ ಪೆಪ್ ರೂಲೆಟ್. ಆಮೇಲೆ ಸಾರಿಬಾಲ್, ಆಂಜ್‌ಬಾಲ್... ಹೆಸರಿಗೊಂದು ಬಾಲ್ ಅಂಟಿಸಿದರೆ ಆಡಿಸುವ ಶೈಲಿ ಆಯಿತು.

‘ಹೆಚ್ಚಿನವು ಹುಟ್ಟೋದು ತಮಾಷೆಗೇ ಅಂಕಲ್. ಆಮೇಲೆ ಮನುಷ್ಯ ಹೋಗ್ತಾನೆ, ಪದ ಉಳ್ಕೊಳ್ಳತ್ತೆ.’

ಮನೆಗೆ ಬರುವಾಗ ಅದೇ ಯೋಚನೆ. ನಮ್ಮಲ್ಲಿ ಪದ ಆಗಬೇಕಾದರೆ ಪುರಾಣದಲ್ಲೇ ಹುಟ್ಟಬೇಕು. ಕುಂಭಕರ್ಣ ಆರು ತಿಂಗಳು ಮಲಗಬೇಕಾಯಿತು. ಭಗೀರಥ ಗಂಗೆಯನ್ನೇ ಇಳಿಸಬೇಕಾಯಿತು. ಇಲ್ಲಿ ಮೈದಾನದ ಅಂಚಿನಲ್ಲಿ ನಿಂತು ಕೈಗಡಿಯಾರ ತಟ್ಟಿ ತೋರಿಸಿದರೆ ಸಾಕು. ಪುಣ್ಯವಂತರು.

ಮಾರ್ಚ್ 9, ಭಾನುವಾರ

ಡ್ರಾ. 2–2.

ಆಟ ಮುಗಿದ ಮೇಲೆ ಕಾರಿನ ಡಿಕ್ಕಿ ತೆರೆದು ಎಲ್ಲರಿಗೂ ಚಾ, ಸೇವಂತಿ ಮಾಡಿದ ಗೋಳಿಬಜೆ ಕೊಡುತ್ತಿದ್ದೆ. ಇಂಚರಾ ಬಂದಿದ್ದಳು. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಎಲ್ಲರ ಎದುರೇ ಕೇಳಿದಳು —

‘ಅಂಕಲ್, ಗುಣಾ ಟೈಮ್ ಅಂತ ಮೊದ್ಲು ಹೇಳಿದ್ದು ಯಾರು? ನಿಮ್ಗೆ ಯಾವಾಗ ಗೊತ್ತಾಯ್ತು?’

ಆಗ ಗೊತ್ತಾಯಿತು. ಆ ಕ್ಷಣದಲ್ಲೇ.

ನಾನು ಸುತ್ತ ನೋಡಿದೆ. ಒಬ್ಬ ಬೂಟಿನ ದಾರ ಬಿಚ್ಚುತ್ತಿದ್ದ, ಬಿಚ್ಚಿಯಾಗಿದ್ದ ದಾರವನ್ನೇ. ಇನ್ನೊಬ್ಬನಿಗೆ ಗೋಳಿಬಜೆಯಲ್ಲಿ ಏನೋ ಕಾಣಿಸಿತು. ಇಂಚರಾ ನಾಲಿಗೆ ಕಚ್ಚಿಕೊಂಡಳು. ಪಾಪ, ನನಗೆ ಗೊತ್ತಿದೆ ಎಂದೇ ತಿಳಿದಿದ್ದಳು.

‘ಏನದು? ಹೇಳು ನಿತಿನ್’ ಅಂದೆ.

‘ಸುಮ್ನೆ ತಮಾಷೆಗೆ ಅಂಕಲ್... ಲಾಸ್ಟ್ ಕಾಲು ಗಂಟೇಲಿ ನೀವು ಎಲ್ರನ್ನೂ ಇಳಿಸ್ತೀರಲ್ಲ. ಗೆಲ್ತಿದ್ರೂ ಇಳಿಸ್ತೀರಲ್ಲ. ಆ ಟೈಮು.’

‘ನಾವು ಸೋಲುವ ಟೈಮು.’

ನಿತಿನ್ ಚಾ ಲೋಟವನ್ನು ಡಿಕ್ಕಿಯ ಅಂಚಿನಲ್ಲಿಟ್ಟ.

‘ಬೇರೆ ಟೀಮಿನವರಿಗೂ ಗೊತ್ತುಂಟಾ?’

‘ಲೀಗ್‌ನಲ್ಲಿ ಎಲ್ರಿಗೂ ಗೊತ್ತು ಅಂಕಲ್. ಗುಣಾ ಟೈಮ್ ತನಕ ತಡ್ಕೊಳಿ ಅಂತ ಹೇಳ್ಕೋತಾರೆ.’

ನಕ್ಕೆ. ದೊಡ್ಡದಾಗಿಯೇ ನಕ್ಕೆ. ‘ಅಡ್ಡಿಲ್ಲ, ಫರ್ಗುಸನ್ ಪಕ್ಕ ನಂಗೂ ಒಂದು ಕುರ್ಚಿ ಆಯ್ತು’ ಅಂದೆ. ಎಲ್ಲರೂ ನಕ್ಕರು, ಬಿಡುಗಡೆಯಾದವರ ಹಾಗೆ.

ಸಂಗಣ್ಣ ನಗಲಿಲ್ಲ. ಅವನೂ ಇವತ್ತೇ ಕೇಳಿದ್ದು ಅನಿಸಿತು. ಅರ್ಧ ತಿಂದ ಗೋಳಿಬಜೆ ಕೈಯಲ್ಲೇ ಹಿಡಿದು ನೆಟ್ ಬಿಚ್ಚಲು ಹೋದ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ

ಅಂಗಡಿ ತೆರೆಯಲು ಇನ್ನೂ ಹೊತ್ತಿದೆ. ನಿನ್ನೆ ಬರೆದದ್ದನ್ನು ಓದಿದೆ. ನಕ್ಕೆ ಎಂದು ಬರೆದಿದ್ದೇನೆ. ನಗು ಬಂದಿರಲಿಲ್ಲ. ಉರಿ ಬಂದಿತ್ತು.

ಫರ್ಗುಸನ್ನರ ಪದದಲ್ಲಿ ಒಂದು ಹೆದರಿಕೆ ಇದೆ, ಇನ್ನೂ ಗೆದ್ದುಬಿಡುತ್ತಾರೆ ಎಂಬ ಹೆದರಿಕೆ. ನನ್ನದರಲ್ಲಿ? ಉತ್ತರಕುಮಾರನ ಪೌರುಷ ಅಂತೇವಲ್ಲ, ಆ ಸಾಲಿಗೆ ಸೇರಿದೆ. ಈ ದೇಶದಲ್ಲಿ ಮೂವತ್ತು ವರ್ಷ ಫಾರ್ಮಸಿ ನಡೆಸಿದೆ. ಒಂದು ಮಾತ್ರೆ ಹೆಚ್ಚುಕಡಿಮೆ ಕೊಟ್ಟವನಲ್ಲ. ಅದಕ್ಕೊಂದು ಪದ ಹುಟ್ಟಲಿಲ್ಲ!

ತನ್ವಿಗೆ ಫೋನು ಮಾಡಿದೆ. ಶೆಫೀಲ್ಡಿನಲ್ಲಿ ಡಾಕ್ಟರು, ಬ್ರೂಮ್‌ಹಿಲ್‌ನಲ್ಲಿ ಮನೆ. ನಾನು ಕನ್ನಡದಲ್ಲಿ ಹೇಳಿದೆ, ಅವಳು ಯಾವಾಗಿನಂತೆ ಇಂಗ್ಲಿಷಿನಲ್ಲಿ.

‘ಓ ಗಾಡ್, ಡ್ಯಾಡ್. ಯು ಡಿಡಿಂಟ್ ನೋ?’

ಅವಳಿಗೂ ಗೊತ್ತಿತ್ತು! ಊರಿಗೆಲ್ಲ ಗೊತ್ತು, ಹೆಸರಿನ ಯಜಮಾನನೊಬ್ಬನನ್ನು ಬಿಟ್ಟು.

‘ಇಟ್ಸ್ ಸ್ವೀಟ್’ ಅಂದಳು. ಸ್ವೀಟ್ ಅಂತೆ. ಫೋನಿಟ್ಟೆ.

ಮಾರ್ಚ್ 23, ಭಾನುವಾರ

ಎರಡು ವಾರ ಬರೆಯಲಿಲ್ಲ. ಎರಡೂ ಆಟ ಗೆದ್ದೆವು.

ಬದಲಾವಣೆಗಳನ್ನು ಕೊನೇ ಎರಡು ನಿಮಿಷಕ್ಕೆ ತಳ್ಳಿದ್ದೇನೆ. ಇವತ್ತು ಸಂಗಣ್ಣನ ಕಾಲಿಗೆ ಚೆಂಡು ತಾಗುವ ಮೊದಲೇ ಸೀಟಿ ಊದಿಬಿಟ್ಟರು. ನಿಯಮ ಮುರಿದಿಲ್ಲ, ಎಲ್ಲರೂ ಇಳಿದರು ಎಂದು ಸಮಾಧಾನ ಹೇಳಿಕೊಂಡೆ. ಎಲೆಯ ತುದಿಗೆ ಉಪ್ಪು ಬಡಿಸಿ ಊಟ ಆಯಿತು ಅಂದ ಹಾಗೆ. ಹುಡುಗರು ಮಾತ್ರ ಖುಷಿ. ಏಪ್ರಿಲ್ ಆರರ ಕೊನೇ ಆಟ ಗೆದ್ದರೆ ಮೇಲಿನ ಡಿವಿಷನ್. ನಮ್ಮ ಟೀಮು ಮೇಲೆ ಹೋದದ್ದೇ ಇಲ್ಲ.

ನೆಟ್ ಮಡಚುತ್ತಾ ಸಂಗಣ್ಣ ಹತ್ತಿರ ಬಂದ.

‘ಸರ, ನಮ್ಮಪ್ಪ ಬರಾಕತ್ತಾನ್ರಿ. ವೀಸಾ ಆತು.’

‘ಒಳ್ಳೇದಾಯ್ತಲ್ಲ ಮಾರಾಯ್ರೆ! ಯಾವಾಗ?’

‘ಈ ವಾರಾನ ಬರ್ತಾನ್ರಿ. ಒಂದ್ ತಿಂಗಳ ಇರ್ತಾನ. ಆರನೇ ತಾರೀಖಿನ ಮ್ಯಾಚಿಗೆ ಕರ್ಕೊಂಡು ಬರ್ಲೇನ್ರಿ?’

‘ಕೇಳೋದೆಂತದ್ದು? ಕರ್ಕೊಂಡು ಬನ್ನಿ’ ಅಂದೆ.

ಮಾರ್ಚ್ 30, ಭಾನುವಾರ, ಯುಗಾದಿ

ಇಲ್ಲಿನ ಬೇಸಿಗೆ ಲೆಕ್ಕಕ್ಕೆ ಇವತ್ತೇ ಗಡಿಯಾರ ಒಂದು ಗಂಟೆ ಮುಂದೆ ಹೋದದ್ದು. ಅರ್ಧ ಕನ್ನಡ ಕೂಟ ತಡವಾಗಿ ಬಂತು, ಉಳಿದರ್ಧಕ್ಕೆ ಅದೇ ಒಳ್ಳೇ ನೆಪ. ಸಭಾಂಗಣದಲ್ಲಿ ಬೇವು-ಬೆಲ್ಲ, ಹೋಳಿಗೆ. ನಾನು ಯಾವಾಗಿನಂತೆ ಬಡಿಸುವ ಕಡೆ.

ಸಂಗಣ್ಣನ ಅಪ್ಪನನ್ನು ಕಂಡೆ. ಗುರುಸಿದ್ದಪ್ಪ. ಬಿಳಿ ಧೋತರ, ಮೇಲೆ ಮಗನ ದಪ್ಪ ಕೋಟು, ತಲೆಗೆ ಹಸಿರು ಮಂಕಿ ಕ್ಯಾಪ್. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ರಿಟೈರಾದವರು. ದನಿ ಇನ್ನೂ ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೇಳುವಷ್ಟಿದೆ.

‘ನಮ್ಮ ಸಂಗ್ಯಾ ಹ್ಯಾಂಗ ಆಡ್ತಾನ್ರಿ ಸಾಹೇಬ್ರ?’

‘ಮನಸ್ಸಿಟ್ಟು ಆಡ್ತಾರೆ’ ಅಂದೆ. ಅದು ಸುಳ್ಳಲ್ಲ.

‘ಓಣ್ಯಾಗ ಎಲ್ಲಾರಿಗೂ ಹೇಳೇನ್ರಿ, ಮಗಾ ಇಂಗ್ಲಂಡದಾಗ ಫುಟ್‌ಬಾಲ್ ಆಡ್ತಾನಂತ. ಒಂದ್ ಸಲ ಕಣ್ಣಾರೆ ನೋಡಿ ಹೋದ್ನಿ ಅಂದ್ರ ಸಾಕ ನೋಡ್ರಿ.’

ಅವರ ಎಲೆಗೆ ಎರಡನೇ ಹೋಳಿಗೆ ಹಾಕಿದೆ. ಬೇಡ ಬೇಡ ಎನ್ನುತ್ತಲೇ ಜಾಗ ಮಾಡಿಕೊಟ್ಟರು. ‘ಬಡಸೂ ಕೈ ಚಲೋ ಐತ್ರಿ ನಿಮ್ದು’ ಅಂದರು. ಪಕ್ಕದಲ್ಲಿ ಕೂತಿದ್ದ ಸಂಗಣ್ಣ ತಲೆ ಎತ್ತಲಿಲ್ಲ.

ಏಪ್ರಿಲ್ 6, ಭಾನುವಾರ

ಗೆದ್ದೆವು. 2–1. ಮೇಲಿನ ಡಿವಿಷನ್.

ಹುಡುಗರು ನನ್ನನ್ನು ಎತ್ತಿ ಕುಣಿಸಿದರು. ಸೊಂಟ ನೋಯುತ್ತಿದೆ.

ಇಷ್ಟಕ್ಕೇ ಬಿಡೋಣ ಅಂದುಕೊಂಡಿದ್ದೆ. ಆಗುವುದಿಲ್ಲ. ಬರೆದುಬಿಡುತ್ತೇನೆ.

ನಾವು ಒಂದು ಗೋಲು ಮುಂದೆ ಇದ್ದೆವು. ಕೊನೇ ಕಾಲು ಗಂಟೆ. ಎದುರು ಟೀಮಿನ ಮ್ಯಾನೇಜರ್ ಗ್ರಹಾಂ, ಬಾಯಿಗೆ ಎರಡೂ ಕೈ ಹಿಡಿದು ತನ್ನವರಿಗೆ ಕೂಗಿದ — ‘ಹ್ಯಾಂಗ್ ಇನ್ ದೇರ್, ಲ್ಯಾಡ್ಸ್! ಗುಣಾ ಟೈಮ್!’ ಅವನ ಕಡೆಯವರೆಲ್ಲ ನಕ್ಕರು. ನಮ್ಮ ಕಡೆ ನೋಡಲು ಬಂದಿದ್ದವರಲ್ಲೂ ಒಂದಿಬ್ಬರು ನಕ್ಕರು. ಅದು ಕಿವಿಗೆ ಬಿತ್ತು.

ಸಂಗಣ್ಣ ಅಂಚಿನಲ್ಲಿ ಮೇಲೆ ಕೆಳಗೆ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದ. ಬೂಟಿನ ದಾರ ಬಿಚ್ಚಿ ಮತ್ತೆ ಬಿಗಿದ. ಆ ಬದಿಯಲ್ಲಿ ಅವನ ಅಪ್ಪ, ಮಂಕಿ ಕ್ಯಾಪಿನಲ್ಲಿ, ನಮ್ಮ ಹುಡುಗರ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ‘ರೈಟ್! ರೈಟ್!’ ಎಂದು ಕೂಗುತ್ತಿದ್ದರು. ರೆಫರಿ ಎರಡು ಸಲ ತಿರುಗಿ ನೋಡಿದ.

ನಾನು ಕರೆಯಲಿಲ್ಲ.

ಕೈಗಡಿಯಾರ ನೋಡಿದೆ. ಆಟ ನೋಡಿದೆ. ಸಂಗಣ್ಣ ಇದ್ದ ಕಡೆ ನೋಡಲಿಲ್ಲ. ಐದು ಜನ ಬೆಂಚಿನಲ್ಲಿದ್ದರು, ಐದೂ ಜನರನ್ನು ಕೂರಿಸಿದೆ. ಇವತ್ತು ನಿನ್ನ ಪದವನ್ನು ಇಲ್ಲೇ ಹೂಳುತ್ತೇನೆ ಗ್ರಹಾಂ ಎಂದು ಹಲ್ಲು ಕಚ್ಚಿ ನಿಂತೆ. ಹೂತೆ. ಸೀಟಿ ಊದಿದಾಗ ಗ್ರಹಾಂ ಬಂದು ಕೈ ಕುಲುಕಿದ. ‘ಡಿಡಿಂಟ್ ಥಿಂಕ್ ಯು ಹ್ಯಾಡ್ ಇಟ್ ಇನ್ ಯು’ ಅಂದ. ನನಗೆ ಎದೆ ಉಬ್ಬಿತು. ನಿಜವಾಗಿ ಉಬ್ಬಿತು. ಸುಳ್ಳು ಬರೆದು ಏನು ಪ್ರಯೋಜನ.

ಗದ್ದಲ ಇಳಿದ ಮೇಲೆ ಗುರುಸಿದ್ದಪ್ಪ ಬಂದರು. ಎರಡೂ ಕೈ ಮುಗಿದರು.

‘ಇವತ್ತ ನಮ್ಮ ಸಂಗ್ಯಾನ ಅವಶ್ಯ ಬೀಳಲಿಲ್ಲ ಅಲ್ರಿ ಸಾಹೇಬ್ರ? ಅವನ ಹೇಳಿದಾ. ಆಪತ್ತಿನ್ಯಾಗ ಇಳಸಾಕಂತ ಕಾಯ್ದ ಇಟ್ಟಿರ್ತಾರ, ಇವತ್ತ ಅಂಥಾ ಆಪತ್ತ ಬರಲಿಲ್ಲ ಅಂತ. ಇರಲಿ ಬಿಡ್ರಿ, ಗೆದ್ದವಿ. ಅದ ದೊಡ್ಡದು.’

ಅವರ ಹಿಂದೆ ಸಂಗಣ್ಣ ನೆಟ್ ಬಿಚ್ಚುತ್ತಿದ್ದ. ಜೆರ್ಸಿಗೆ ಮಣ್ಣೇ ತಾಗಿರಲಿಲ್ಲ.

ಏಪ್ರಿಲ್ 7, ಸೋಮವಾರ

ನನಗೆ ಸೊಂಟನೋವು, ಇವತ್ತು ಸೇವಂತಿಯೇ ಒಗೆಯಲು ನಿಂತಳು. ಜೆರ್ಸಿಗಳನ್ನು ಮೆಷಿನ್ನಿಗೆ ಹಾಕುವಾಗ ಐದು ಜೆರ್ಸಿ ಎತ್ತಿ ಬೇರೆ ಇಟ್ಟಳು. ‘ಇವು ಒಗೆಯುವುದೇ ಬೇಡ, ಮಣ್ಣಿನ ಕಲೆಯೇ ಇಲ್ಲ’ ಅಂದಳು.

ಏನಾಯಿತೆಂದು ಹೇಳಿದೆ. ಅವಳು ಆ ಐದು ಜೆರ್ಸಿಗಳನ್ನು ಕಪಾಟಿಗಿಟ್ಟಳು. ಆಮೇಲೆ ಅಂದದ್ದು ಇಷ್ಟೇ —

‘ಎಲೆ ಹಾಕಿ ಎಬ್ಬಿಸಿದಿರಿ. ಅದೂ ಅಪ್ಪನ ಎದುರು.’

ಏಪ್ರಿಲ್ 14, ಸೋಮವಾರ, ಬಿಸು

ನಮ್ಮ ತುಳುವರ ಹೊಸ ವರ್ಷಕ್ಕೆ ಎದ್ದೊಡನೆ ನೋಡಲೆಂದು ಸೇವಂತಿ ಬೆಳಿಗ್ಗೆ ಕಣಿ ಇಟ್ಟಿದ್ದಳು. ಕನ್ನಡಿ, ತೆಂಗಿನಕಾಯಿ, ಟೆಸ್ಕೋದ ಸೌತೆಕಾಯಿ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲು ಮನಸ್ಸಾಗಲಿಲ್ಲ. ನೋಡಿದೆ, ಪದ್ಧತಿಗೆ.

ಅಂಗಡಿಗೆ ಹೋದರೆ ಕೌಂಟರಿನ ಹುಡುಗಿ ಹೇಮಲತಾ ಒಂದು ಚೀಲ ತೋರಿಸಿದಳು. ‘ಯಾರೋ ಶನಿವಾರ ಕೊಟ್ಟು ಹೋದ್ರು ಸರ್. ನೀವು ಊಟಕ್ಕೆ ಹೋಗಿದ್ರಿ, ಆಮೇಲೆ ಹೇಳೋಕೆ ಮರ್ತೆ. ಕಾಯ್ತೀರಾ ಅಂದ್ರೆ ಬೇಡ ಅಂದ್ರು.’ ನೆಟ್‌ನ ಚೀಲ. ಸಂಗಣ್ಣ ನೆಟ್ ತೊಳೆದು ಒಣಗಿಸಿ, ಗಂಟಿಲ್ಲದೆ ಮಡಚಿ ಇಟ್ಟಿದ್ದ. ಇದಕ್ಕಾಗಿ ಶೆಫೀಲ್ಡಿನಿಂದ ಬಂದು ಹೋಗಿದ್ದಾನೆ. ವಾಟ್ಸಾಪ್ ಗ್ರೂಪಿನಲ್ಲಿ ಇದ್ದಾನೆ, ಮಾತಿಲ್ಲ.

ಮಧ್ಯಾಹ್ನ ಇಂಚರಾಳ ಫೋನು.

‘ಅಂಕಲ್, ನಿಮ್ಮ ಪದ ಸತ್ತೋಯ್ತು ಅಂತಿದಾನೆ ನಿತಿನ್. ಇನ್ಮೇಲೆ ಯಾರೂ ಹೇಳಲ್ವಂತೆ. ಡಿಸರ್ಟೇಷನ್ನಲ್ಲಿ ಹಾಕ್ಲಾ, ಬಿಡ್ಲಾ? ನಿಮ್ಗೆ ಬೇಜಾರಾಗಿತ್ತಲ್ಲ, ಅದಕ್ಕೇ ಕೇಳ್ದೆ.’

‘ಸಾಯುವುದು ಅಂದ್ರೆ ಹೇಗಮ್ಮ?’

‘ಫರ್ಗಿ ಟೈಮ್‌ಗೆ ಈಗ ಅವರು ಬೇಕಾಗಿಲ್ಲ, ದೇಶಕ್ಕೆಲ್ಲ ಗೊತ್ತು. ನಿಮ್ದು ಚಿಕ್ಕದು ಅಂಕಲ್. ನೀವು ಮಾಡೋ ತನಕ ಇರತ್ತೆ. ನೀವು ಬಿಟ್ರೆ ಅದೂ ಹೋಗತ್ತೆ.’

ಯೋಚಿಸಿ ಹೇಳುತ್ತೇನೆ ಅಂದೆ. ಫೋನಿಟ್ಟ ಮೇಲೆ ವಿಚಿತ್ರ ಸಂಕಟ. ಬೇಡವೆಂದು ಹಲ್ಲು ಕಚ್ಚಿ ಕೊಂದದ್ದು. ಈಗ ಸತ್ತಿತು ಎಂದು ಕೇಳಿದರೆ ನನ್ನ ಮನೆಯವರಾರೋ ಹೋದ ಹಾಗೆ ಆಗುತ್ತಿದೆ. ಅದು ಅವಮಾನದ ಪದ ನಿಜ. ಆದರೆ ಅದರಲ್ಲಿ ಇದ್ದದ್ದು ನಾನು. ಏಪ್ರಿಲ್ ಆರಕ್ಕೆ ಕೈಗಡಿಯಾರ ನೋಡುತ್ತ ನಿಂತವನು ಯಾರೆಂದು ನನಗೇ ಗೊತ್ತಿಲ್ಲ.

ಏಪ್ರಿಲ್ 20, ಭಾನುವಾರ, ಈಸ್ಟರ್

ತನ್ವಿಯ ಮನೆಯಲ್ಲಿ ಊಟ. ಊಟ ಆದ ಮೇಲೆ ಒಬ್ಬನೇ ಹೊರಟೆ, ಸಂಗಣ್ಣನ ಮನೆಗೆ. ‘ಜಸ್ಟ್ ಸೇ ಸಾರಿ, ಡ್ಯಾಡ್. ಡೋಂಟ್ ಗಿವ್ ಎ ಸ್ಪೀಚ್’ ಎಂದು ತನ್ವಿ ಬಾಗಿಲ ತನಕ ಬಂದು ಹೇಳಿದಳು. ಮಗಳು ಬಲ್ಲಳು ನನ್ನನ್ನು.

ಗುರುಸಿದ್ದಪ್ಪ ಒಳಗೆ ಮಲಗಿದ್ದರು. ಸೊಸೆ ಡ್ಯೂಟಿಗೆ ಹೋಗಿದ್ದಳು. ಸಂಗಣ್ಣ ಚಾ ಮಾಡಿ ತಂದ. ನಾನು ಸಾರಿ ಅಂದೆ. ಅವನು ‘ಏ, ಅದೇನಿಲ್ರಿ ಸರ’ ಅಂದ. ಇನ್ನೊಂದು ಆಟ ಇಡಿಸುತ್ತೇನೆ, ಅಪ್ಪ ಹೋಗುವ ಮೊದಲು, ನೀವು ಆಡಿ ಎಂದೆ. ಆಗ ಅವನ ಮುಖ ಬಿಗಿಯಿತು.

‘ಬ್ಯಾಡ್ರಿ ಸರ. ನನ್ನ ಸಲುವಾಗಿ ಏನೂ ಮಾಡಬ್ಯಾಡ್ರಿ. ಇಷ್ಟ ದಿನಾ ನಾ ಆಡಾಕತ್ತೇನಿ ಅಂತ ತಿಳ್ಕೊಂಡಿದ್ನಿ. ನೀವು ಪಾಪ ಅಂತ ಆಡಸಾಕತ್ತಿದ್ರಿ. ಆ ಹುಡುಗಿ ಕೇಳಿದ ದಿನಾ ಗೊತ್ತಾತು.’

ಚುಚ್ಚಿತು. ಸಿಟ್ಟೂ ಬಂತು.

‘ಪಾಪ ಅಂತ ಅಲ್ಲ ಮಾರಾಯ್ರೆ! ಪಂಕ್ತಿಯಲ್ಲಿ ಬಡಿಸುವವ ದಾನ ಮಾಡುವುದಾ? ಸಾಹುಕಾರ ಕೂತರೂ ಅಷ್ಟೇ, ಕೂಲಿಯವ ಕೂತರೂ ಅಷ್ಟೇ. ಕೂತವನ ಪಾಲು ಅದು. ನಾನು ಯಾರು ಅದನ್ನು ಕೊಡಲಿಕ್ಕೆ? ನನ್ನದು ಬಡಿಸುವ ಕೆಲಸ ಮಾತ್ರ. ಆವತ್ತು ನಿಮ್ಮ ಪಾಲು ನಾನು ನುಂಗಿದೆ.’

ಸ್ಪೀಚ್ ಆಗಿಯೇಹೋಯಿತು.

ಅವನು ನನ್ನ ಲೋಟವನ್ನು ಹತ್ತಿರ ಸರಿಸಿದ. ‘ಚಾ ಕುಡೀರಿ ಸರ, ಆರಾಕತ್ತೈತಿ’ ಅಂದ.

ಏಳುವಾಗ ಕಾರಿನಿಂದ ನೆಟ್‌ನ ಚೀಲ ತಂದು ಬಾಗಿಲ ಹತ್ತಿರ ಇಟ್ಟೆ.

‘ಇದ್ಯಾಕ್ರಿ?’

‘ಬರುವ ಭಾನುವಾರ ಹತ್ತೂವರೆಗೆ ಆಟ. ನಮ್ಮಲ್ಲಿ ಬೇರೆ ಯಾರಿಗೂ ನೆಟ್ ಸರಿ ಕಟ್ಟಲಿಕ್ಕೆ ಬರುವುದಿಲ್ಲ.’

ಆಟ ಇನ್ನೂ ಗೊತ್ತೇ ಆಗಿಲ್ಲ. ಎದುರಾಳಿ ಇಲ್ಲ, ಸೀಸನ್ ಮುಗಿದಿದೆ. ಬಾಯಿಂದ ದಿನ ಬಂದುಬಿಟ್ಟಿತು. ಗುರುಸಿದ್ದಪ್ಪನವರ ವಿಮಾನ ಅದರ ಮರುದಿನ.

ಏಪ್ರಿಲ್ 23, ಬುಧವಾರ

ಮೂರು ಟೀಮಿನವರು ಆಗುವುದಿಲ್ಲ ಅಂದರು. ಒಬ್ಬ ಸ್ಪೇನಿಗೆ ರಜೆ, ಒಬ್ಬನಿಗೆ ಮೊಣಕಾಲು. ಇನ್ನು ಉಳಿದದ್ದು ಗ್ರಹಾಂ ಒಬ್ಬನೇ. ಅವನಿಗೆ ಫೋನು ಮಾಡುವುದಕ್ಕಿಂತ ಹಾಗಲಕಾಯಿ ಹಸಿಯಾಗಿ ತಿನ್ನುವುದು ಸುಲಭ ಅನಿಸಿತು. ಮಾಡಿದೆ.

‘ಸೀಸನ್ಸ್ ಡನ್, ಗುಣಾ. ವಾಟ್ ಫಾರ್?’

ಯಾಕೆಂದು ಹೇಳಿದೆ. ಪೂರ್ತಿ. ಅವನ ಕೂಗು, ನನ್ನ ಹಠ, ಮಂಕಿ ಕ್ಯಾಪಿನ ಅಪ್ಪ.

‘ವಿ ವೋಂಟ್ ಗೋ ಈಸಿ ಆನ್ ಹಿಮ್, ಮೈಂಡ್.’

ಸಡಿಲ ಬಿಟ್ಟೀರಿ ಜೋಕೆ ಎನ್ನುವಂತೆ ‘ಡೋಂಟ್ ಯು ಡೇರ್’ ಅಂದೆ.

ಗ್ರೂಪಿನಲ್ಲಿ ಬರೆದೆ. ಭಾನುವಾರ ಆಟ, ಫ್ರೆಂಡ್ಲಿ. ಆವತ್ತು ಬೆಂಚಿನಲ್ಲಿ ಕೂತ ಐದೂ ಜನ ಮೊದಲಿನಿಂದ ಆಡುತ್ತಾರೆ, ಸಂಗಣ್ಣ ಮುಂದೆ, ಮಧ್ಯದಲ್ಲಿ. ಬೆಂಚಿನಲ್ಲಿ ಕೂರಲು ಮನಸ್ಸಿರುವ ಒಳ್ಳೇ ಆಟಗಾರರು ಬೇಕು. ಯಾಕೆಂದೂ ಬರೆದೆ. ತಪ್ಪು ನನ್ನದು ಎಂದೂ.

ಮೊದಲು ಬರೆದದ್ದು ನಿತಿನ್ — ‘ಐ ವಿಲ್ ಬೆಂಚ್. ತೊಂಬತ್ತು ನಿಮಿಷವೂ ಗುಣಾ ಟೈಮ್ ಅಂಕಲ್.’ ಅದರ ಕೆಳಗೆ ಸಾಲುಸಾಲು ಹೆಬ್ಬೆರಳು.

ಕಣ್ಣು ಒದ್ದೆಯಾಯಿತು. ಅದೇ ಎರಡು ಪದ. ಆವತ್ತು ಉರಿ ಹತ್ತಿಸಿದ್ದೂ ಅದೇ.

ಇಂಚರಾಗೂ ಫೋನು ಮಾಡಿದೆ. ‘ಡಿಸರ್ಟೇಷನ್ನಲ್ಲಿ ಹಾಕಮ್ಮ’ ಅಂದೆ.

ಸಂಗಣ್ಣ ಮೆಸೇಜು ನೋಡಿದ್ದಾನೆ. ಉತ್ತರವಿಲ್ಲ.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ

ರೌಂಡ್‌ಹೇ ಮೈದಾನ. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಹೊರಗೆ ನಿಂತರೆ ಗೇಟನ್ನೇ ನೋಡುತ್ತೇನೆ, ಹುಡುಗರು ನನ್ನನ್ನೇ ನೋಡುತ್ತಾರೆ.

ಎಲ್ಲರೂ ಬಂದಿದ್ದಾರೆ. ಗ್ರಹಾಂ ಕೂಡ, ಪೂರ್ತಿ ಟೀಮಿನೊಂದಿಗೆ. ಒಬ್ಬನ ತಲೆ ಇನ್ನೂ ನಿನ್ನೆಯ ಪಬ್ಬಿನಲ್ಲೇ ಇದೆ, ಆದರೂ ಬಂದಿದ್ದಾನೆ. ಇಂಚರಾ ನನ್ನ ಮಫ್ಲರ್ ಸುತ್ತಿಕೊಂಡೇ ಬಂದಿದ್ದಾಳೆ. ವಾಪಸು ಕೊಡುವ ಲಕ್ಷಣವಿಲ್ಲ. ಹಿಂದಿನ ಸೀಟಿನಲ್ಲಿ ಸೇವಂತಿಯ ಗೋಳಿಬಜೆ ಡಬ್ಬಿ, ವಾಸನೆಗೇ ಹಸಿವಾಗುತ್ತಿದೆ.

ಸಂಗಣ್ಣ ಇಲ್ಲ.

ಗೋಲಿನ ಕಂಬಗಳು ಬೋಳಾಗಿ ನಿಂತಿವೆ. ನಿತಿನ್ ಕಿಟಕಿ ತಟ್ಟಿದ. ‘ನೆಟ್ ಎಲ್ಲಿ ಅಂಕಲ್?’

‘ಬರ್ತದೆ.’

‘ಬರ್ಲಿಲ್ಲ ಅಂದ್ರೆ? ಅವ್ರ ಜಾಗಕ್ಕೆ ನಾನು ಇಳೀಲಾ?’

‘ಬೇಡ. ಹತ್ತು ಜನರಲ್ಲೇ ಶುರು ಮಾಡಿ. ಆ ಎಲೆ ಹಾಗೇ ಇರಲಿ.’

ಅವನಿಗೆ ಅರ್ಥವಾಯಿತೋ ಇಲ್ಲವೋ. ತಲೆಯಾಡಿಸಿ ಹೋದ.

ಬರಲಾರ. ನಾನಾಗಿದ್ದರೆ ಬರುತ್ತಿರಲಿಲ್ಲ. ಮರ್ಯಾದೆ ಇರುವ ಮನುಷ್ಯ. ನಾಳೆ ಆ ಹಿರಿಯರು ಬಾಗಲಕೋಟೆಗೆ ಹೋಗಿ ಓಣಿಯವರಿಗೆ ಏನು ಹೇಳುತ್ತಾರೋ. ನನ್ನ ಮಗನನ್ನು ಕಾಯ್ದಿಟ್ಟಿದ್ದರು ಎಂದೇ ಹೇಳುತ್ತಾರೇನೋ.

ರೆಫರಿ ಗಡಿಯಾರ ನೋಡುತ್ತಿದ್ದಾನೆ. ಗ್ರಹಾಂ ಅವನ ಹತ್ತಿರ ಹೋಗಿ ಏನೋ ಹೇಳಿ, ನನ್ನ ಕಡೆ ಕೈ ತೋರಿಸಿದ. ರೆಫರಿ ನಕ್ಕು ಸೀಟಿ ಜೇಬಿಗೆ ಹಾಕಿಕೊಂಡ.

ಗೇಟಿನ ಹತ್ತಿರ ಹಸಿರು ಮಂಕಿ ಕ್ಯಾಪ್. ಗುರುಸಿದ್ದಪ್ಪ. ಒಬ್ಬರೇ... ಅಲ್ಲ. ನಿಂತರು, ಹಿಂದಕ್ಕೆ ತಿರುಗಿ ಕೈ ಬೀಸಿ ಕೂಗುತ್ತಿದ್ದಾರೆ, ಗಾಜು ಏರಿಸಿದ್ದರೂ ಕೇಳುತ್ತಿದೆ — ರೈಟ್! ರೈಟ್! — ಹಿಂದೆ, ಹೆಗಲ ಮೇಲೆ ನೆಟ್‌ನ ಚೀಲ ಹೊತ್ತು ಸಂಗಣ್ಣ —